ಒಂಬತ್ತು ಓಕೆ

ಹೊಸ ಮಾತೊಂದು ಕಿವಿಗೆ ಬಿದ್ದರೆ ಶಿಷ್ಯೆ ಅದನ್ನು ತೋರುಬೆರಳಿನಿಂದ ಅಂಗೈ ಮೇಲೆ ಬರೆದುಕೊಳ್ಳುತ್ತಿದ್ದಳು. ಪೆನ್ನಿಲ್ಲ, ಶಾಯಿಯಿಲ್ಲ, ಬರೀ ಬೆರಳು. ಬಸ್ಸಿನಲ್ಲಿ ನಿಂತಾಗಲೂ ಬರೆಯುತ್ತಿದ್ದಳು, ಊಟದ ಪಂಕ್ತಿಯಲ್ಲಿ ಕೂತಾಗಲೂ ಬರೆಯುತ್ತಿದ್ದಳು. ನೋಡಿದವರು ಪಾಪ, ಕೈ ತುರಿಸುತ್ತಿರಬೇಕು ಅಂದುಕೊಳ್ಳುತ್ತಿದ್ದರು. ಅವಳು ಹೆಚ್ಚು ಮಾತಿನವಳಲ್ಲ. ತುರಿಕೆಯಲ್ಲ ಎಂದು ಯಾರಿಗೂ ಹೇಳಿರಲಿಲ್ಲ.

ಒಂದು ದಿನ ಪಾಠ ಮುಗಿದ ಮೇಲೆ ಅವಳು ಏಳಲಿಲ್ಲ. ಗುರುಗಳು ಕನ್ನಡಕ ತೆಗೆದು ಅವಳ ಕಡೆ ನೋಡಿದರು.

"ಗುರುಗಳೇ, ಒಂದೇ ಪದಕ್ಕೆ ಮೂವತ್ತೊಂದು ಅರ್ಥ ಇದ್ದರೆ, ಅದರಲ್ಲಿ ನಿಜವಾದದ್ದು ಯಾವುದು?"

"ಯಾವ ಪದ, ತಾಯಿ?"

"ಓಕೆ."

ಮೆಟ್ಟಿಲು ಇಳಿಯುತ್ತಿದ್ದ ಉಳಿದ ಶಿಷ್ಯರು ನಿಂತರು. ಕಂಬಕ್ಕೆ ಒರಗಿ ಚಪ್ಪಲಿ ಹಾಕಿಕೊಳ್ಳುತ್ತಿದ್ದ ಒಬ್ಬನು, "ನೀವೂ ಓಕೆ ಅಂದ್ಬಿಡಿ ಗುರುಗಳೇ, ಪ್ರಶ್ನೆ ಮುಗೀತು" ಎಂದ. ಎಲ್ಲರೂ ನಕ್ಕರು. ಶಿಷ್ಯೆಯ ಮುಖ ಕೆಂಪಾಯಿತು. ಗುರುಗಳು ನಗಲಿಲ್ಲ.

"ಮೂವತ್ತೊಂದನ್ನು ಎಲ್ಲಿಂದ ತಂದೆ?" ಎಂದು ಕೇಳಿದರು.

ಅವಳು ನೆಲ ನೋಡುತ್ತಲೇ ಹೇಳತೊಡಗಿದಳು. ಹೇಳಲು ಶುರು ಮಾಡಿದರೆ ಅವಳಿಗೆ ನಿಲ್ಲಿಸಲು ಬರುತ್ತಿರಲಿಲ್ಲ.

"ನಮ್ಮಮ್ಮ ಫೋನ್ ಇಡುವಾಗ ಓಕೆ ಓಕೆ ಓಕೆ ಅಂತ ಮೂರು ಸಲ ಹೇಳುತ್ತಾಳೆ. ಅದರ ಅರ್ಥ, ಇನ್ನು ಸಾಕು, ಸಾರು ಉಕ್ಕುತ್ತಿದೆ. ಸಿನಿಮಾ ಹೇಗಿತ್ತು ಅಂತ ಕೇಳಿದರೆ ನಮ್ಮಣ್ಣ ಓಕೆ ಓಕೆ ಅನ್ನುತ್ತಾನೆ. ಎರಡು ಸಲ ಹೇಳಿದರೆ ಚೆನ್ನಾಗಿಲ್ಲ ಅಂತ. ಅಕ್ಕನನ್ನು ನೋಡಿಕೊಂಡು ಹೋದವರು ಹುಡುಗಿ ಓಕೆ ಅಂತ ಹೇಳಿ ಕಳಿಸಿದರು. ಮನೆಯಲ್ಲಿ ಎಲ್ಲರೂ ಕುಣಿದರು. ಅಕ್ಕ ಮಾತ್ರ, ನಾನೇನು ಪರೀಕ್ಷೆ ಪೇಪರಾ ಅಂತ ಕೇಳಿದಳು. ಕಚೇರಿಯಲ್ಲಿ ಅರ್ಜಿಯನ್ನು ಓಕೆ ಮಾಡಿಸಬೇಕು. ಲಾರಿ ಹಿಂದಕ್ಕೆ ತೆಗೆಯುವಾಗ ಕ್ಲೀನರು ಓಕೆ ಓಕೆ ಬಾ ಅನ್ನುತ್ತಾನೆ. ಗೋಡೆಗೆ ತಾಗಿದ ಮೇಲೂ ಓಕೆ ಅನ್ನುತ್ತಾನೆ. ಗೆಳತಿಗೆ ನಾಲ್ಕು ಸಾಲು ಮೆಸೇಜು ಕಳಿಸಿ, ಅವಳು ಬರೀ ಕೆ ಅಂತ ಒಂದಕ್ಷರ ವಾಪಸು ಕಳಿಸಿದರೆ ಮುನಿಸಿಕೊಂಡಿದ್ದಾಳೆ ಅಂತ. ಆಪರೇಷನ್ ಕೋಣೆಯಿಂದ ಹೊರಗೆ ಬಂದ ಡಾಕ್ಟರು ಓಕೆ ಅಂದರೆ ಹೋದ ಜೀವ ಬಂದ ಹಾಗೆ."

"ಹುಟ್ಟಿದ್ದೆಲ್ಲಿ ಈ ಪದ?"

"ಅದೂ ಒಂದಲ್ಲ ಗುರುಗಳೇ. ಅಮೆರಿಕದ ಪತ್ರಿಕೆಯವರು ಎಲ್ಲಾ ಸರಿ, ಅಂದರೆ ಆಲ್ ಕರೆಕ್ಟ್ ಎಂಬ ಮಾತನ್ನು ಬೇಕೆಂದೇ ತಪ್ಪಾಗಿ ಬರೆದು, ಮೊದಲಕ್ಷರ ಎರಡನ್ನು ಉಳಿಸಿಕೊಂಡು ತಮಾಷೆ ಮಾಡಿದರಂತೆ. ಹೆಚ್ಚು ಜನ ಒಪ್ಪುವುದು ಅದನ್ನೇ. ಯುದ್ಧದಲ್ಲಿ ಇವತ್ತು ಯಾರೂ ಸಾಯಲಿಲ್ಲ ಅಂತ ಹಲಗೆ ಮೇಲೆ ಸೊನ್ನೆ ಹಾಕಿ ಕೆ ಬರೆಯುತ್ತಿದ್ದರು, ಅದೇ ಓಕೆ ಆಯಿತು ಅಂತಲೂ ಹೇಳುತ್ತಾರೆ. ಅದು ಕಟ್ಟುಕತೆ. ಅಲ್ಲಿನ ಮೂಲನಿವಾಸಿಗಳ ಮಾತು ಅನ್ನುವವರಿದ್ದಾರೆ. ಆಫ್ರಿಕಾದಿಂದ ಬಂದದ್ದು ಅನ್ನುವವರೂ ಇದ್ದಾರೆ. ಎಲ್ಲಿಂದ ಬಂತೋ, ಈಗ ನಮ್ಮ ಹಾಲಿನವನ ಬಾಯಲ್ಲಿದೆ."

ಅವಳು ಉಸಿರು ತೆಗೆದುಕೊಂಡಳು.

"ಇಷ್ಟರಲ್ಲಿ ಯಾವುದನ್ನು ನಿಜವಾದ ಅರ್ಥ ಅಂತ ಬರೆದುಕೊಳ್ಳಲಿ?"

ಗುರುಗಳು ಮೆಟ್ಟಿಲ ಮೇಲೆ ನಿಂತಿದ್ದವರಿಗೆ ಕೂರುವಂತೆ ಕೈ ಮಾಡಿದರು. ಕಂಬದ ಬಳಿಯಿದ್ದವನು ಹಾಕಿಕೊಂಡ ಚಪ್ಪಲಿಯನ್ನು ಮತ್ತೆ ಬಿಟ್ಟು ಬಂದ. ಗುರುಗಳು ಹೇಳಿದರು.

ಬಾವಿಯ ಹೂಳೆತ್ತುವ ಇಬ್ಬರು ಇದ್ದರು. ಅಣ್ಣ ಮತ್ತು ತಮ್ಮ. ಅವರ ಅಪ್ಪನೂ ಅದೇ ಕೆಲಸ ಮಾಡಿದವನು. ಅಣ್ಣ ಕೆಳಗೆ ಇಳಿಯುತ್ತಿದ್ದ. ತಮ್ಮ ಮೇಲೆ ಹಗ್ಗ ಹಿಡಿಯುತ್ತಿದ್ದ. ಇಬ್ಬರದೂ ಒಂದೇ ದನಿ. ಕತ್ತಲಲ್ಲಿ ಬಾಗಿಲು ಬಡಿದು ಕೂಗಿದರೆ ಹೆತ್ತ ತಾಯಿಯೂ, "ಯಾವನೋ ನೀನು, ದೊಡ್ಡವನೋ ಚಿಕ್ಕವನೋ?" ಎಂದು ಕೇಳುತ್ತಿದ್ದಳು.

ಬಾವಿಗೆ ಇಳಿಯುವ ಮೊದಲು ಅವರು ಲಾಟೀನು ಹಚ್ಚಿ ಹಗ್ಗದಲ್ಲಿ ಇಳಿಬಿಡುತ್ತಿದ್ದರು. ಲಾಟೀನು ಆರಿದರೆ ಗಾಳಿ ಕೆಟ್ಟಿದೆ, ಇಳಿಯಬಾರದು. ಉರಿದರೆ ಇಳಿಯಬಹುದು. ಇದು ಎಲ್ಲ ಬಾವಿ ಕೆಲಸದವರಿಗೂ ಗೊತ್ತು. ಆದರೆ ಇವರ ಅಪ್ಪ ಇನ್ನೊಂದು ಕಟ್ಟಳೆ ಮಾಡಿಟ್ಟಿದ್ದ. ಅದು ಇವರ ಮನೆಯಲ್ಲಿ ಮಾತ್ರ ಇತ್ತು.

ಮೇಲಿರುವವನು ಒಂದರಿಂದ ನೂರರವರೆಗೆ ಎಣಿಸಬೇಕು. ನೂರಾದ ಕೂಡಲೇ ಬಗ್ಗಿ, "ಏನ್ ಮಾಡ್ತಿದೀಯಣ್ಣ ಅಲ್ಲಿ?" ಎಂದು ಕೂಗಬೇಕು. ಕೆಳಗಿರುವವನು ಅದಕ್ಕೆ ಉತ್ತರ ಕೊಡಬಾರದು. ಬೈಯಬೇಕು. ಒಮ್ಮೆ ಬೈದ ಬೈಗುಳವನ್ನು ಅದೇ ದಿನ ಇನ್ನೊಮ್ಮೆ ಬೈಯಬಾರದು. ಬೈದರೆ ಮೇಲಿರುವವನು ಒಂದೂ ಮಾತನಾಡದೆ ಹಗ್ಗ ಎಳೆಯಬೇಕು.

"ಯಾಕಪ್ಪಾ?" ಎಂದು ಮಕ್ಕಳು ಚಿಕ್ಕಂದಿನಲ್ಲಿ ಕೇಳಿದ್ದರು.

"ಕೆಟ್ಟ ಗಾಳಿ ಕುಡಿದವನಿಗೆ ಮೊದಲು ಉಸಿರು ಕಟ್ಟಲ್ಲ ಕಣ್ರೋ, ಬುದ್ಧಿ ಮಂಕಾಗುತ್ತೆ. ಮಂಕಾದವನು ಹೂಂ ಅಂತಾನೆ, ಹಾಂ ಅಂತಾನೆ. ಹೊಸದಾಗಿ ಒಂದು ಬೈಗುಳ ಹುಟ್ಟಿಸು ನೋಡೋಣ ಅಂದ್ರೆ ಆಗಲ್ಲ. ಹೊಸ ಬೈಗುಳ ಬಂತು ಅಂದ್ರೆ ಒಳಗಿರೋನು ಪೂರ್ತಿ ಬದುಕಿದಾನೆ ಅಂತ."

ಹೀಗೆ ಹೇಳಿದ ಅಪ್ಪ ಬಾವಿಯಲ್ಲಿ ಸಾಯಲಿಲ್ಲ. ಮುಪ್ಪಾಗಿ, ಮಂಚದ ಮೇಲೆ, ನೋಡಲು ಬಂದ ನೆಂಟರನ್ನೆಲ್ಲ ಬೈಯುತ್ತ ಸತ್ತ.

ಅಣ್ಣ ಇಳಿಯುವ ಹಿಂದಿನ ಸಂಜೆಯೇ ಬೈಗುಳಗಳನ್ನು ಕೂಡಿಸಿಕೊಳ್ಳುತ್ತಿದ್ದ. ಮುದ್ದೆ ಮುರಿಯುವಾಗಲೂ ಅವನ ತಲೆಯಲ್ಲಿ ಅದೇ. ಒಮ್ಮೊಮ್ಮೆ ಒಬ್ಬನೇ ನಗುತ್ತಿದ್ದ. ಹೆಂಡತಿ, "ನಾಳೆ ಮೈದುನನಿಗೆ ಏನು ಕಾದಿದೆಯೋ" ಎನ್ನುತ್ತಿದ್ದಳು. ಮರುದಿನ ಬಾವಿಯೊಳಗಿಂದ ಒಂದೊಂದೇ ಮೇಲೆ ಬರುತ್ತಿತ್ತು.

"ಏನ್ ಮಾಡ್ತಿದೀಯಣ್ಣ ಅಲ್ಲಿ?"

"ನಿನ್ನ ಮದುವೆ ಲಾಡು ಹುಡುಕ್ತಿದೀನಿ ಕಣೋ, ಕೊಡೆ ಹಿಡ್ಕೊಂಡು ಸ್ನಾನ ಮಾಡೋನೇ!"

ಮತ್ತೆ ನೂರು.

"ಏನ್ ಮಾಡ್ತಿದೀಯಣ್ಣ ಅಲ್ಲಿ?"

"ಹಗ್ಗ ಸರಿಯಾಗಿ ಹಿಡ್ಕೊಳೋ, ಅರ್ಧ ಬೆಂದ ಹುರಳಿಕಾಳೇ! ಹೆಂಡ್ತಿ ಕೆಮ್ಮಿದ್ರೆ ಎದ್ದು ನಿಲ್ಲೋನೇ!"

ಮೇಲೆ ತಮ್ಮ ನಗುತ್ತಿದ್ದ. ನಗುತ್ತ ನಗುತ್ತ ಮತ್ತೆ ಒಂದು, ಎರಡು ಎಂದು ಎಣಿಸುತ್ತಿದ್ದ. ಒಮ್ಮೆ ಒಂದು ತೋಟದ ಬಾವಿಯಲ್ಲಿ ಅಣ್ಣ ಬೆಳಿಗ್ಗೆಯೇ ಬೈದಿದ್ದ "ಬಾಲ ಕಳಕೊಂಡ ಓತಿಕ್ಯಾತ" ಎಂಬುದನ್ನು ಮಧ್ಯಾಹ್ನ ಇನ್ನೊಮ್ಮೆ ಬೈದ. ತಮ್ಮ ಕೂಡಲೇ ತೋಟದವರನ್ನೆಲ್ಲ ಕೂಗಿ ಕರೆದು ಹಗ್ಗ ಎಳೆದ. ಮೇಲೆ ಬಂದ ಅಣ್ಣನ ಕಣ್ಣು ತೇಲುತ್ತಿದ್ದವು. ಅರ್ಧ ತಾಸು ಮಲಗಿ ಎದ್ದು, "ಒಳ್ಳೇ ಬೈಗುಳ ಅಂತ ಎರಡು ಸಲ ಅಂದೆ ಕಣೋ, ಅದಕ್ಕೆ ಮೀನು ಎಳೆದ ಹಾಗೆ ಎಳೆಯೋದಾ?" ಎಂದ. ಅವನಿಗೆ ತಾನು ಎರಡು ಸಲ ಅಂದದ್ದು ನೆನಪಿತ್ತು. ಮಂಕಾಗಿದ್ದು ನೆನಪಿರಲಿಲ್ಲ.

ಹೀಗಿರುವಾಗ ಒಂದು ಶಾಲೆಯ ಮುಖ್ಯೋಪಾಧ್ಯಾಯಿನಿ ಅವರಿಗೆ ಹೇಳಿ ಕಳಿಸಿದಳು. ಗುಡ್ಡದ ಮೇಲಿನ ಇಂಗ್ಲಿಷ್ ಶಾಲೆ. ಆವರಣದಲ್ಲಿ ಹಳೆಯ ಕಾಲದ ಒಂದು ಬಾವಿ. ಬಂಡೆಯಲ್ಲೇ ಕೊರೆದದ್ದು, ನೂರಿಪ್ಪತ್ತು ಅಡಿ. ಮಕ್ಕಳಿಗೆ ಕುಡಿಯುವ ನೀರಿಗೆ ಅದನ್ನು ಶುಚಿ ಮಾಡಿಸಬೇಕಿತ್ತು.

ಮೊದಲ ಎರಡು ದಿನ ಪಂಪು ಹಚ್ಚಿ ನೀರು ಹೊರಹಾಕಿದರು. ನೀರು ಇಳಿದ ಹಾಗೆ ಅಣ್ಣನೂ ಇಳಿದ, ಗೋಡೆಯ ಪಾಚಿ ಕೆರೆದ, ಎಂದಿನಂತೆ ಬೈದ. ಬಾವಿ ಬರಿದಾದಷ್ಟೂ ಬೈಗುಳ ಜೋರಾಗಿ ಕೇಳುತ್ತಿತ್ತು. ತರಗತಿಯ ಕಿಟಕಿಗಳು ತೆರೆದಿದ್ದವು. ಮಕ್ಕಳು ಪುಸ್ತಕದ ಮೇಲೆ ಕಣ್ಣಿಟ್ಟು ಕಿವಿಯನ್ನು ಬಾವಿಯ ಕಡೆ ಇಟ್ಟಿದ್ದರು.

ಎರಡನೆಯ ದಿನ ಸಂಜೆ ಮುಖ್ಯೋಪಾಧ್ಯಾಯಿನಿ ಬಾವಿಯ ಬಳಿಗೆ ಬಂದಳು. ಒಳ್ಳೆಯ ಹೆಂಗಸು. ದನಿ ಎತ್ತುವವಳಲ್ಲ.

"ಇದು ಸ್ಕೂಲು ಕಣಪ್ಪಾ. ಮಕ್ಕಳಿದ್ದಾರೆ. ಈ ಬೈಗುಳ ಎಲ್ಲ ಬೇಡ."

"ಬೈಗುಳ ಅಲ್ಲ ಮೇಡಮ್ಮೋರೇ ಅದು" ಎಂದ ತಮ್ಮ, "ಕೆಲಸ."

"ಕೆಲಸಾನಾ? ಒಂದನೇ ಕ್ಲಾಸಿನ ಮಗು ಇವತ್ತು, ಹೋಂವರ್ಕ್ ಎಲ್ಲಿ ಅಂತ ಕೇಳಿದ ಮಿಸ್‌ಗೆ, ಸುಮ್ನಿರೇ ಸೋರೋ ಬಿಂದಿಗೆ ಅಂತು. ಅದೂ ಕೆಲಸಾನಾ?"

ಅಣ್ಣ ತಲೆ ತಗ್ಗಿಸಿದ. "ಅದು ನಿನ್ನೇದು ಮೇಡಮ್ಮೋರೇ. ಇವತ್ತು ಅದನ್ನ ಬಳಸಿಲ್ಲ."

ಅವಳಿಗೆ ನಗು ಬಂತು. ತಡೆದುಕೊಂಡಳು. ಅವರ ಅಪ್ಪನ ಕಟ್ಟಳೆಯನ್ನು ತಮ್ಮ ಬಿಡಿಸಿ ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡಳು.

"ಹಾಗಾದ್ರೆ ಕೆಳಗಿರೋರು ಚೆನ್ನಾಗಿದಾರೆ ಅಂತ ನಿಮಗೆ ಗೊತ್ತಾಗಬೇಕು. ಅಷ್ಟೇ ತಾನೆ? ನೀವು ಓಕೆ ಅಂತ ಕೇಳಿ. ಅವರು ಓಕೆ ಅನ್ನಲಿ. ನಮ್ಮ ಎಲ್‌ಕೆಜಿ ಮಕ್ಕಳೂ ಹಾಗೇ ಹೇಳೋದು. ಚಿಕ್ಕದು, ಚೊಕ್ಕದು."

ತಮ್ಮನಿಗೆ ನಾಚಿಕೆಯಾಗಿತ್ತು. ಅವನ ಮಗಳಿಗೂ ಎಲ್‌ಕೆಜಿಯ ವಯಸ್ಸು. ಅವಳನ್ನು ಇಂಥ ಶಾಲೆಗೆ ಹಾಕುವ ಆಸೆ ಅವನಿಗಿತ್ತು. ಬೈಗುಳದವನ ಮಗಳು ಎಂದು ಯಾರಾದರೂ ಬೆರಳು ತೋರಿಸಿದರೆ ಎಂಬ ಅಳುಕೂ ಇತ್ತು. ಅವನು ಒಪ್ಪಿದ. ಅಣ್ಣನೂ ಒಪ್ಪಿದ. ಆದರೆ ಮನೆಯ ದಾರಿಯಲ್ಲಿ, "ಓಕೆ ಅನ್ನೋಕೆ ಹಿಂದಿನ ದಿನ ಯೋಚನೆ ಮಾಡೋ ಹಾಗೇ ಇಲ್ವಲ್ಲೋ. ಊಟ ಮಾಡೋವಾಗ ಏನ್ ಮಾಡ್ಲಿ ನಾನು?" ಎಂದ.

ಇಲ್ಲಿ ಶಿಷ್ಯೆ ತಲೆಯೆತ್ತಿದಳು.

"ಬೈಗುಳ ಬಿಟ್ಟದ್ದು ಒಳ್ಳೆಯದೇ ಅಲ್ಲವೇ ಗುರುಗಳೇ?"

"ನಾನಿದ್ದಿದ್ದರೂ ಬಿಡಿ ಎಂದೇ ಹೇಳುತ್ತಿದ್ದೆ" ಎಂದರು ಗುರುಗಳು. ಕತೆ ಮುಂದುವರಿಯಿತು.

ಮೂರನೆಯ ದಿನ ಹೊಸ ಪದ್ಧತಿ ಶುರುವಾಯಿತು. ಮೇಲಿನಿಂದ "ಓಕೆ?" ಕೆಳಗಿನಿಂದ "ಓಕೆ." ಮೊದಮೊದಲು ಅಣ್ಣ ಮರೆತು "ಓಕೆ ಕಣೋ ಕೋತಿ" ಎಂದುಬಿಡುತ್ತಿದ್ದ. ತಮ್ಮ "ಶ್!" ಎನ್ನುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಕೋತಿ ಬಿದ್ದುಹೋಯಿತು. ಬರೀ ಓಕೆ ಉಳಿಯಿತು. ಕೆಲಸ ಬೇಗ ಸಾಗಿತು. ಬೈಗುಳಕ್ಕೆ ಹಿಡಿಯುತ್ತಿದ್ದ ಹೊತ್ತು ಉಳಿದು ನಾಲ್ಕು ಬುಟ್ಟಿ ಕೆಸರು ಹೆಚ್ಚಾಗಿಯೇ ಮೇಲೆ ಬಂತು. ಆಟದ ಬಿಡುವಿನಲ್ಲಿ ಮಕ್ಕಳು ದೂರ ನಿಂತು, ತಮ್ಮ "ಓಕೆ?" ಎಂದಾಗಲೆಲ್ಲ ಅಣ್ಣನಿಗಿಂತ ಮೊದಲೇ "ಓಕೆ!" ಎಂದು ಕೂಗಿ ನಗುತ್ತಿದ್ದರು. ಮುಖ್ಯೋಪಾಧ್ಯಾಯಿನಿ ಕಿಟಕಿಯಿಂದ ನೋಡಿ ಸಮಾಧಾನಪಟ್ಟಳು.

ತಮ್ಮನಿಗೆ ಅದು ಹಿಡಿಸಿತು. ಆ ಸಂಜೆ ಹೆಂಡತಿಯ ಮುಂದೆ, "ನಾವೀಗ ಇಂಗ್ಲಿಷಲ್ಲಿ ಹೂಳು ತೆಗೀತಿದೀವಿ ಕಣೇ" ಎಂದ. ಒಂದು ಬದಲಾವಣೆ ಮಾತ್ರ ಅವನ ಗಮನಕ್ಕೆ ಬರಲಿಲ್ಲ. ಅಣ್ಣ ಬೈಯುತ್ತಿದ್ದಾಗ ಅವನು ಇವತ್ತೇನು ಬೈಯುತ್ತಾನೋ ಎಂದು ಕಿವಿಗೊಟ್ಟು ಕಾಯುತ್ತಿದ್ದ. ಓಕೆ ಬರುತ್ತದೆ ಎಂಬುದು ಮೊದಲೇ ಗೊತ್ತಿರುತ್ತಿತ್ತು. ಗೊತ್ತಿರುವುದಕ್ಕೆ ಯಾರೂ ಕಿವಿಗೊಡುವುದಿಲ್ಲ.

ನಾಲ್ಕನೆಯ ದಿನ ಬಾವಿಯ ತಳ ಮುಟ್ಟಬೇಕಿತ್ತು. ಬೆಳಿಗ್ಗೆ ಲಾಟೀನು ಇಳಿಬಿಟ್ಟರು. ಚೆನ್ನಾಗಿ ಉರಿಯಿತು. ಲಾಟೀನು ಕೆಸರಿನ ಮೇಲಿರುವ ಗಾಳಿಯನ್ನು ಹೇಳುತ್ತದೆ. ಕೆಸರಿನ ಹೊಟ್ಟೆಯೊಳಗೆ ಎಷ್ಟೋ ವರ್ಷಗಳಿಂದ ಕೊಳೆತದ್ದು ಏನನ್ನು ಬಚ್ಚಿಟ್ಟುಕೊಂಡಿದೆ ಎಂಬುದನ್ನು ಹೇಳುವುದಿಲ್ಲ.

ಅಣ್ಣ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದ. ಹತ್ತು ಹನ್ನೆರಡು ಬುಟ್ಟಿ ಮೇಲೆ ಬಂದವು. ಆಮೇಲೆ ಅವನು ಕೆಳಗಿನಿಂದ ಕೂಗಿ ಹೇಳಿದ:

"ಬುಟ್ಟಿ ಬಿಡಬೇಡ ಕಣೋ. ಇಲ್ಲೊಂದು ದೊಡ್ಡ ಚಪ್ಪಡಿ ಹೂತ್ಕೊಂಡಿದೆ. ಹಾರೆ ಹಾಕಿ ಎಬ್ಬಿಸ್ತೀನಿ. ಹೊತ್ತಾಗುತ್ತೆ."

"ಓಕೆ" ಎಂದ ತಮ್ಮ.

ಕಟ್ಟೆಗೆ ಒರಗಿ ಕೂತ. ಹಗ್ಗ ಸಡಿಲವಾಗಿ ಅವನ ಮೊಣಕಾಲ ಮೇಲಿತ್ತು. ನೂರು ಎಣಿಸಿದ.

"ಓಕೆ?"

"ಓಕೆ."

ಮತ್ತೆ ನೂರು ಎಣಿಸಿದ. "ಓಕೆ?" ಎಂದ. "ಓಕೆ" ಎಂದು ಬಂತು. ಎಣಿಕೆಯಲ್ಲಿ ಅವನು ಒಂದು ಸಲವೂ ತಪ್ಪಲಿಲ್ಲ. ನಿದ್ದೆ ಮಾಡಲಿಲ್ಲ. ಬೀಡಿ ಹಚ್ಚಲಿಲ್ಲ. ಯಾರೊಡನೆಯೂ ಹರಟಲಿಲ್ಲ. ಇದನ್ನು ನೆನಪಿಡು, ತಾಯಿ. ಮಾಡಬೇಕಾದ ಕೆಲಸವನ್ನು ಅವನು ಪೂರ್ತಿಯಾಗಿ ಮಾಡಿದ. ಒಂಬತ್ತು ಸಲ ನೂರು ಎಣಿಸಿದ. ಒಂಬತ್ತು ಸಲ ಬಗ್ಗಿ ಕೇಳಿದ. ಒಂಬತ್ತು ಸಲವೂ ಉತ್ತರ ಬಂತು.

ಅಷ್ಟರಲ್ಲಿ ಮುಖ್ಯೋಪಾಧ್ಯಾಯಿನಿ ಎರಡು ಲೋಟ ಕಾಫಿ ಹಿಡಿದುಕೊಂಡು ಬಂದಳು. ಆಯಾಳ ಕೈಲಿ ಕಳಿಸದೆ ತಾನೇ ತಂದಿದ್ದಳು. ಒಂದನ್ನು ತಮ್ಮನಿಗೆ ಕೊಟ್ಟಳು.

"ಎರಡು ದಿನದಿಂದ ಒಂದು ಕೆಟ್ಟ ಮಾತಿಲ್ಲ. ನಿಮ್ಮಣ್ಣನಿಗೆ ನಾನೇ ಥ್ಯಾಂಕ್ಸ್ ಹೇಳಬೇಕು. ಮೇಲೆ ಬರ್ತಾರಾ ಕಾಫಿಗೆ?"

"ಕೇಳಿ ಮೇಡಮ್ಮೋರೇ, ನೀವು ಕೇಳಿದ್ರೆ ಖುಷಿಪಡ್ತಾನೆ. ಸ್ವಲ್ಪ ಜೋರಾಗಿ ಕೂಗಬೇಕು."

ಅವಳು ಕಟ್ಟೆಯ ಮೇಲೆ ಕೈಯೂರಿ ಬಗ್ಗಿದಳು. ಈ ಪಾತಾಳದ ಕೆಲಸದಲ್ಲಿ ತಾನೂ ಸೇರಿಕೊಂಡ ಹಾಗೆ ಅವಳಿಗೆ ಒಂದು ಬಗೆಯ ಉತ್ಸಾಹ. ಅವರ ಪದ್ಧತಿಯಂತೆಯೇ ಕೂಗಿದಳು.

"ಓಕೆ?"

ಬಾವಿಯೊಳಗಿಂದ ಉತ್ತರ ಬಂತು.

"ಓಕೆ."

ಅದು ಹೆಂಗಸಿನ ದನಿ.

ಅವಳು ಹಿಂದಕ್ಕೆ ಸರಿದಳು. ತಮ್ಮನ ಕಡೆ ನೋಡಿದಳು. ತಮ್ಮನ ಕೈಯಲ್ಲಿದ್ದ ಲೋಟ ಓರೆಯಾಗಿ, ಬಿಸಿ ಕಾಫಿ ಅವನ ಕಾಲ ಮೇಲೆ ಸುರಿಯುತ್ತಿತ್ತು. ಅವನಿಗೆ ಅದು ಗೊತ್ತಾಗಲಿಲ್ಲ. ಅವನು ಬಾವಿಯನ್ನು ನೋಡುತ್ತಿದ್ದ.

ಆಮೇಲೆ ಅವನು ಕಟ್ಟೆಗೆ ಹಾರಿ ಹಗ್ಗ ಹಿಡಿದು ಕಿರುಚಿದ. ಏನು ಕಿರುಚಿದನೋ ಅದೂ ಬಾವಿಯಿಂದ ಹಾಗೇ ಮರಳಿ ಬಂತು. ಅಣ್ಣನ ದನಿಯಂತೆಯೇ ಬಂತು.

ಶಾಲೆಯ ಜವಾನ ಓಡಿ ಬಂದ. ಬಸ್ಸಿನ ಡ್ರೈವರು ಓಡಿ ಬಂದ. ಇಬ್ಬರು ಮೇಷ್ಟ್ರು ಬಂದರು. ಮುಖ್ಯೋಪಾಧ್ಯಾಯಿನಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಗ್ಗಕ್ಕೆ ಕೈ ಹಾಕಿದಳು. ಅವಳ ಅಂಗೈಯ ತೊಗಲು ಕಿತ್ತುಬಂತು. ಯಾರೂ ಬಿಡಲಿಲ್ಲ. ಹಗ್ಗದ ತುದಿಯಲ್ಲಿ ಭಾರವಿತ್ತು. ಆದರೆ ಆ ಭಾರ ಗೋಡೆಗೆ ಕಾಲು ಕೊಡಲಿಲ್ಲ, ಹಗ್ಗವನ್ನು ಹಿಡಿಯಲಿಲ್ಲ. ಬುಟ್ಟಿಯ ಹಾಗೆ ಬಂತು.

ಅಣ್ಣನನ್ನು ಕಟ್ಟೆಯ ಮೇಲೆ ಮಲಗಿಸಿದರು. ಮುಖದ ಕೆಸರು ಒರೆಸಿದರು. ಡ್ರೈವರು ಎದೆ ಒತ್ತಿದ. ಒಬ್ಬ ಮೇಷ್ಟ್ರು ಬಾಯಿಗೆ ಗಾಳಿ ಊದಿದರು. ಉಸಿರು ಹೋಗಿ ಆಗಲೇ ಹೊತ್ತಾಗಿತ್ತು.

ತಮ್ಮ ಅವರನ್ನೆಲ್ಲ ಬದಿಗೆ ಸರಿಸಿದ. ಅಣ್ಣನ ಕಿವಿಯ ಹತ್ತಿರ ಬಗ್ಗಿ, ಹಳೆಯ ಪದ್ಧತಿಯಲ್ಲಿ ಕೇಳಿದ.

"ಏನ್ ಮಾಡ್ತಿದೀಯಣ್ಣ ಅಲ್ಲಿ?"

ಅವನು ಒಂದು, ಎರಡು ಎಂದು ಎಣಿಸತೊಡಗಿದ. ನೂರು ಮುಟ್ಟುವವರೆಗೆ ಎಣಿಸಿದ. ಅಲ್ಲಿದ್ದ ಯಾರಿಗೂ ಅವನನ್ನು ತಡೆಯುವ ಧೈರ್ಯವಾಗಲಿಲ್ಲ. ನೂರಾದ ಮೇಲೆ ಮತ್ತೊಮ್ಮೆ ಕೇಳಿದ.

ತರಗತಿಯ ಕಿಟಕಿಗಳನ್ನು ಒಂದೊಂದಾಗಿ ಮುಚ್ಚುತ್ತಿದ್ದರು.

ಪ್ರತಿದನಿ ಎಂಬುದು ಅವನಿಗೆ ಗೊತ್ತಿಲ್ಲದ್ದೇನೂ ಅಲ್ಲ. ಬಾವಿಯ ಬಾಯಲ್ಲೇ ಬೆಳೆದವನು. ಹಿಂದೆಯೂ ಅವನ ಪ್ರಶ್ನೆ ಬಾವಿಯಿಂದ ಮರಳಿ ಬರುತ್ತಿತ್ತು. ಆದರೆ ಮರಳಿ ಬಂದದ್ದು ಬರೀ ಪ್ರಶ್ನೆ. ಅದರ ಬೆನ್ನಿಗೇ ಬೈಗುಳ ಬರುತ್ತಿತ್ತು. ಪ್ರಶ್ನೆಯನ್ನು ಉತ್ತರವೆಂದು ತಿಳಿಯುವಷ್ಟು ಮರುಳು ಅವನಾಗಿರಲಿಲ್ಲ. ಈಗ ಪ್ರಶ್ನೆಯೂ ಓಕೆ, ಉತ್ತರವೂ ಓಕೆ. ಅಣ್ಣನ ದನಿಯೂ ಅದೇ, ಅವನ ದನಿಯೂ ಅದೇ. ಎರಡೂ ಒಂದರ ಮೇಲೊಂದು ಬಿದ್ದರೆ ಒಂದೇ ಆಗಿ ಕೇಳುತ್ತಿತ್ತು.

ಮುಖ್ಯೋಪಾಧ್ಯಾಯಿನಿ ಆ ವರ್ಷವೇ ಕೆಲಸ ಬಿಟ್ಟಳು. ತಮ್ಮನನ್ನು ಯಾರೂ ದೂರಲಿಲ್ಲ. ಪೊಲೀಸರು ಬಂದು ಬರೆದುಕೊಂಡು ಹೋದರು. ಕೆಸರಿನ ಗಾಳಿ ಎಂದು ಬರೆದರು. ಅತ್ತಿಗೆಯೂ ಅವನಿಗೆ ಒಂದು ಮಾತು ಆಡಲಿಲ್ಲ. ತಿಥಿ ಮುಗಿದ ಮೇಲೆ ಒಂದೇ ಒಂದು ಸಲ ಕೇಳಿದಳು: "ಅವರು ಕೊನೇ ಸಲ ಮಾತಾಡಿದ್ದು ಯಾವಾಗ?"

ಅವನಿಗೆ ಹೇಳಲಾಗಲಿಲ್ಲ. ಒಂಬತ್ತು ಓಕೆಗಳಲ್ಲಿ ಮೊದಲನೆಯದು ಅಣ್ಣನದೇ ಇರಬಹುದು. ಮೂರನೆಯದೂ ಇರಬಹುದು. ಒಂದೂ ಇಲ್ಲದಿರಬಹುದು. ಯಾವುದರ ತನಕ ಅಣ್ಣ ಮಾತನಾಡಿದ, ಯಾವುದರಿಂದ ಬಾವಿ ಮಾತನಾಡಿತು? ಅವನು ಇವತ್ತಿಗೂ ಒಬ್ಬನೇ ಕೂತಾಗ ಒಂದೊಂದನ್ನೇ ನೆನಪಿಗೆ ತಂದುಕೊಂಡು ಕೇಳುತ್ತಾನೆ. ಒಂಬತ್ತೂ ಒಂದೇ ಥರ ಕೇಳುತ್ತವೆ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯೆ ಸಣ್ಣ ದನಿಯಲ್ಲಿ ಕೇಳಿದಳು.

"ಹಾಗಾದರೆ ತಪ್ಪು ಆ ಪದದ್ದೇ, ಗುರುಗಳೇ?"

"ಅಲ್ಲ. ಅವರು ಸರಿ ಎಂಬ ನಮ್ಮದೇ ಮಾತನ್ನು ಇಟ್ಟುಕೊಂಡಿದ್ದರೂ ಬಾವಿ ಅದನ್ನೇ ಹೇಳುತ್ತಿತ್ತು."

ಅವಳು ತಲೆಯಾಡಿಸಿದಳು. ಉಳಿದವರೂ ತಲೆಯಾಡಿಸಿದರು.

"ತಿಳಿಯಿತೇ?" ಎಂದು ಕೇಳಿದರು ಗುರುಗಳು.

"ತಿಳಿಯಿತು" ಎಂದಳು ಶಿಷ್ಯೆ.

ಗುರುಗಳು ಅವಳ ಕಡೆಗೆ ಸ್ವಲ್ಪ ಬಗ್ಗಿದರು.

"ಎಲ್ಲಿ, ನನ್ನನ್ನೊಂದು ಸಲ ಬೈಯಮ್ಮ."